ಭಾವನ ಮಾತಿಗೆ ಬಾಡಿಗೆ

ಬೆಲೆ ಏರಿಸಿದ ಸುದ್ದಿಯನ್ನು ಆ ಸಿನಿಮಾ ಆ್ಯಪಿನ ಕಂಪನಿ ಹೇಗೆ ತಿಳಿಸುತ್ತದೆ ಗೊತ್ತೇ? ‘ನಿಮಗೆ ಇನ್ನೂ ಒಳ್ಳೆಯ ಅನುಭವ ಕೊಡುವ ಸಲುವಾಗಿ’ ಎಂದು. ಕೆಳಗೆ ನಗುವ ಮುಖದ ಒಂದು ಚಿತ್ರ. ಜೇಬಿಗೆ ಕೈ ಹಾಕುವವನು ಹಾಕಲಿ, ಹಾಕುತ್ತ ಕೆನ್ನೆ ಸವರಿದರೆ ಹೇಸಿಗೆಯಾಗುತ್ತದೆ. ಎರಡು ವರ್ಷದಲ್ಲಿ ಮೂರು ಸಲ ನನ್ನ ಕೆನ್ನೆ ಸವರಿದ್ದಾರೆ.

ನಾನು ಶಿರಸಿ ಪೇಟೆಯಲ್ಲಿ ಟಿವಿ, ಮಿಕ್ಸರ್ ರಿಪೇರಿಯ ಅಂಗಡಿ ಇಟ್ಟವನು. ಇಡೀ ದಿನ ಟಿವಿಯ ಹೊಟ್ಟೆ ಬಗೆಯುವವನಿಗೆ ಸಂಜೆ ಅದರ ಮುಖ ನೋಡುವ ಆಸೆ ಉಳಿದಿರುವುದಿಲ್ಲ. ಸಿನಿಮಾ, ಧಾರಾವಾಹಿ ಎಲ್ಲ ನನಗೆ ಅಷ್ಟಕ್ಕಷ್ಟೆ. ಆದರೂ ಆ ಆ್ಯಪಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ, ಭಾವನ ಸಲುವಾಗಿ. ಭಾವ ಎಂದರೆ ಸಿದ್ದಾಪುರ ತಾಲ್ಲೂಕಿನ ಮನ್ಮನೆಯಲ್ಲಿರುವ ನನ್ನ ಅಕ್ಕನ ಗಂಡ.

ಭಾವ ತಾಳಮದ್ದಳೆಯ ಅರ್ಥಧಾರಿ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ; ಪಂಚೆ ಉಟ್ಟು, ಶಾಲು ಹೊದ್ದು, ಕೂತಲ್ಲಿಂದಲೇ ಅರ್ಥ ಹೇಳುತ್ತ, ಬರೀ ಮಾತಿನಲ್ಲಿ ಪಾತ್ರವನ್ನು ಎದುರಿಗೆ ತಂದು ನಿಲ್ಲಿಸಬೇಕು. ಭಾವ ಬಾಯಿ ತೆರೆದರೆ ಎದುರಿಗೆ ಕೂತ ಅರ್ಥಧಾರಿ ಎಲೆಯಡಿಕೆಯ ಕವಳ ಅಗಿಯುವುದನ್ನೇ ಮರೆಯುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಉಪ್ಪಿನಕಾಯಿ ಬಡಿಸು ಎನ್ನಲಿಕ್ಕೂ ಒಂದು ಪೀಠಿಕೆ ಬೇಕು.

“ಮೊದ್ಲು ಉಣ್ಣಿ. ಅರ್ಥ ಆಮೇಲೆ ಹೇಳಲಕ್ಕು,” ಎಂದು ಅಕ್ಕ ರೇಗುತ್ತಿದ್ದಳು.

ಆರೇಳು ವರ್ಷದ ಹಿಂದೆ ಯಲ್ಲಾಪುರದಲ್ಲಿ ಮಧ್ಯಾಹ್ನದ ಒಂದು ತಾಳಮದ್ದಳೆ ನಡೆಯಿತು. ಮೂರು ಕ್ಯಾಮೆರಾ ಇಟ್ಟು ಅದನ್ನು ಚಿತ್ರೀಕರಿಸಿದರು. ಯುದ್ಧಕ್ಕೆ ಹೊರಟ ತಮ್ಮನನ್ನು ಬೀಳ್ಕೊಡುವ ಅಣ್ಣನ ಪಾತ್ರ ಭಾವನದು. ವಾರ ಕಳೆದ ಮೇಲೆ ಚಿತ್ರೀಕರಿಸಿದವನು ಮನ್ಮನೆಗೆ ಬಂದ. ಆ ದಿನ ನಾನೂ ಅಲ್ಲಿದ್ದೆ. ನಯವಾದ ಮಾತಿನ ಮನುಷ್ಯ. ಮಾವಿನಕಾಯಿಯ ಅಪ್ಪೆಹುಳಿಯನ್ನು ಹೊಗಳಿ ಹೊಗಳಿ ಎರಡು ಸಲ ಬಡಿಸಿಕೊಂಡು ಉಂಡ, ಕವಳ ಹಾಕಿದ, ಭಾವನಿಗೊಂದು ಶಾಲು ಹೊದೆಸಿದ. ಆಮೇಲೆ ಚೀಲದಿಂದ ನಾಲ್ಕು ಹಾಳೆ ಹೊರಬಂದವು. ಅಚ್ಚು ಎಷ್ಟು ಸಣ್ಣದೆಂದರೆ ಸಾಸಿವೆ ಚೆಲ್ಲಿದ ಹಾಗೆ. ಭಾವ ನೇರ ಕೊನೆಯ ಹಾಳೆಗೆ ಹೋಗಿ ಸಹಿ ಹಾಕಿದ.

“ಒಂಚೂರು ಓದಿ ನೋಡ ಭಾವ,” ಎಂದು ನಾನು ಪಿಸುಗುಟ್ಟಿದೆ. ಭಾವ ನನ್ನತ್ತ ಕಣ್ಣು ಬಿಟ್ಟ. ಬಂದವನು ಗೇಟು ದಾಟಿದ ಮೇಲೆ ಬೈಗುಳ ಶುರುವಾಯಿತು.

“ಮನೇಲಿ ಉಂಡವ್ನ ಎದ್ರಿಗೆ ಕಾಗದ ಓದಲೆ ಆಗ್ತಿಲ್ಲೆ ಮಾರಾಯ. ನಿನ್ನ ಮೇಲೆ ನಂಬಿಕೆ ಇಲ್ಲೆ ಹೇಳಿದಂಗೆ ಆಗ್ತು.”

ನಮ್ಮ ಜನವೇ ಹೀಗೆ. ಒಂದು ತುತ್ತು ಉಂಡವನು ನೆಂಟ, ನೆಂಟನ ಕಾಗದಕ್ಕೆ ಕನ್ನಡಕ ಹುಡುಕುವುದು ಮರ್ಯಾದೆಗೇಡು. ನಮಗೂ ಒಂದು ಪ್ರತಿ ಕೊಡು ಎಂದು ಕೇಳಲೂ ಸಂಕೋಚ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಆ ಮಧ್ಯಾಹ್ನದ ಅಷ್ಟೂ ಮಾತು ಅವನದಾಯಿತು, ಅವನು ಅದನ್ನು ಆ್ಯಪಿನವರಿಗೆ ಮಾರಿದ.

ಎರಡು ವರ್ಷದ ಕೆಳಗೆ ಭಾವನಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸರಿಯಾದವು, ಮಾತು ಮಾತ್ರ ಬರಲಿಲ್ಲ. ಏನು ಹೇಳಹೊರಟರೂ “ಅದು... ಅದು...” ಅಷ್ಟೇ. ನೀರು ಬೇಕೆಂದು ಹೇಳಲಾಗದೆ ಲೋಟ ಎತ್ತಿ ತೋರಿಸುವಾಗ ಅವನ ಕಣ್ಣು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಶಿರಸಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಂದು ಉಪಾಯ ಹೇಳಿದರು. “ಇವರು ಮಾತಾಡಿದ ವಿಡಿಯೋ ಇದ್ದರೆ ದಿನಾ ತೋರಿಸಿ. ತಮ್ಮದೇ ತುಟಿ ನೋಡುತ್ತ ಜೊತೆಜೊತೆಗೆ ಹೇಳಲಿ.”

ತುಟಿ ಕಾಣುವ ವಿಡಿಯೋ ಇದ್ದದ್ದು ಅದೊಂದೇ. ಉಳಿದವೆಲ್ಲ ಯಾರೋ ಸಭೆಯ ಹಿಂದಿನಿಂದ ಫೋನಿನಲ್ಲಿ ಹಿಡಿದವು, ಭಾವ ಹೆಬ್ಬೆರಳಿನಷ್ಟು ಕಾಣುತ್ತಾನೆ. ಚಿತ್ರೀಕರಿಸಿದವನಿಗೆ ಫೋನು ಮಾಡಿ ಒಂದು ಪ್ರತಿ ಬೇಡಿದೆ. “ಈಗ ನನ್ನ ಕೈಯಲ್ಲಿ ಏನೂ ಇಲ್ಲ ಸರ್, ಕಾಗದದಲ್ಲೇ ಬರೆದಿತ್ತಲ್ಲ,” ಎಂದ. ಅಪ್ಪೆಹುಳಿಯ ನೆನಪು ಅವನಿಗಿರಲಿಲ್ಲ. ಟಿವಿಯ ಪರದೆಯನ್ನೇ ಫೋನಿನಲ್ಲಿ ಹಿಡಿಯಲು ನೋಡಿದೆ. ಪಟ್ಟೆ ಪಟ್ಟೆ ಬಂದು ಮುಖವೆಲ್ಲ ಕಲಸಿಹೋಯಿತು. ಕೊನೆಗೆ ಮನ್ಮನೆಯ ಟಿವಿಗೆ ಆ ಆ್ಯಪು ಹಾಕಿಸಿ ನಾನೇ ಚಂದಾ ಕಟ್ಟಿದೆ. ದಿನಾ ಬೆಳಿಗ್ಗೆ ಆಸರಿಗೆ ಚಹಾ ಕುಡಿದಾದ ಮೇಲೆ ಭಾವ ಪರದೆಯ ಎದುರು ಕೂರುತ್ತಿದ್ದ. ಒಳಗಿನ ಭಾವ ಗುಡುಗುತ್ತಿದ್ದ, ಹೊರಗಿನ ಭಾವ ತುಟಿ ಅಲ್ಲಾಡಿಸುತ್ತಿದ್ದ.

ಒಂದನೆಯ ಸಲ ಬೆಲೆ ಏರಿದಾಗ ಗೊಣಗಿ ಕಟ್ಟಿದೆ. ಎರಡನೆಯ ಸಲ ಬೈದು ಕಟ್ಟಿದೆ. ಅಂಗಡಿಗೆ ಬಂದವರೆಲ್ಲ, ಅಷ್ಟು ದುಡ್ಡಿಗೆ ಅದು ಯೋಗ್ಯವೋ ಎಂದು ಕೇಳುವವರೇ. ಸಾವಿರಾರು ಸಿನಿಮಾ ಇದೆಯಂತೆ ಅದರಲ್ಲಿ. ಅವನ್ನು ಕಟ್ಟಿಕೊಂಡು ನಾನೇನು ಮಾಡಲಿ? ನನಗೆ ಬೇಕಾದದ್ದು ಒಬ್ಬ ಮನುಷ್ಯನ ಮುಕ್ಕಾಲು ಗಂಟೆಯ ಮಾತು, ಅದೂ ನಮ್ಮ ಮನೆಯದೇ. ಮೂರನೆಯ ಸಲ ಆ ನಗುವ ಮುಖ ಕಂಡಾಗ ನನ್ನ ಪಿತ್ತ ನೆತ್ತಿಗೇರಿತು. ಒಂದು ರೂಪಾಯಿ ಹೆಚ್ಚು ಕೊಟ್ಟರೆ ಕೇಳು ಎಂದುಕೊಂಡು ಜಾಹೀರಾತು ಬರುವ ಅಗ್ಗದ ಚಂದಾಕ್ಕೆ ಇಳಿದೆ. ಗೆದ್ದೆ ಎಂದೇ ಭಾವಿಸಿದ್ದೆ.

“ನಡುವೆ ಎಂತೆಂತದೋ ಬತ್ತು ತಮಾ,” ಎಂದು ಅಕ್ಕ ಫೋನು ಮಾಡಿದಳು.

“ಅರ್ಧ ನಿಮಿಷ ಅಲ್ದನೆ, ಸಹಿಸ್ಕ್ಯ,” ಎಂದೆ.

ಎಂತೆಂತದೋ ಎಂದರೆ ಕಕ್ಕಸು ತೊಳೆಯುವ ಪುಡಿಯ ಜಾಹೀರಾತು. ಭಾವನ ಪಾತ್ರ ತಮ್ಮನ ಹೆಗಲ ಮೇಲೆ ಕೈಯಿಟ್ಟಂತೆ ಮುಂದೆ ಬಾಗಿ, “ತಮ್ಮಾ, ನೀನು ಹೊರಟ ದಾರಿಯಲ್ಲಿ ನನ್ನ ಮಾತು ನಿನಗಿಂತ ಮುಂದೆ ನಡೆಯುತ್ತದೆ,” ಎನ್ನುವ ಜಾಗ ಒಂದಿದೆ. ಯಲ್ಲಾಪುರದ ಸಭೆ ಅಲ್ಲಿ ಕಣ್ಣೊರೆಸಿಕೊಂಡಿತ್ತು. ಜಾಹೀರಾತು ದಿನಾ ಬರುತ್ತಿದ್ದದ್ದು ಸರಿಯಾಗಿ ಅಲ್ಲಿಗೇ, ‘ನನ್ನ ಮಾತು’ ಎಂಬಲ್ಲಿ ಭಾವನ ಕುತ್ತಿಗೆ ಹಿಚುಕಿ.

ಒಂದೂವರೆ ತಿಂಗಳಾಗಿರಬೇಕು. ಅಕ್ಕನ ಫೋನು ಮತ್ತೆ ಬಂತು, ಅಳುವೋ ನಗುವೋ ತಿಳಿಯಲಿಲ್ಲ.

“ತಮಾ, ಮಾತು ಬಂತು! ಇಡೀ ಸಾಲು ಹೇಳ್ದ! ಬೇಗ ಬಾ!”

ಬಿಚ್ಚಿದ ಮಿಕ್ಸರನ್ನು ಹಾಗೇ ಬಿಟ್ಟು, ಬಾಗಿಲೆಳೆದು ಸ್ಕೂಟರ್ ಏರಿದೆ. ದಾರಿಯುದ್ದಕ್ಕೂ ಭಾವ ಯಾವ ಸಾಲು ಹೇಳಿರಬಹುದು ಎಂಬ ಸಂಭ್ರಮ. ನಾನು ಒಳಗೆ ಹೋಗುತ್ತಲೇ ಭಾವ ಶಾಲು ಸರಿಮಾಡಿಕೊಂಡ. ಸಭೆಯಲ್ಲಿ ಎತ್ತುತ್ತಿದ್ದ ಹಾಗೆಯೇ ಬಲಗೈ ಎತ್ತಿದ. ಕಂಚಿನ ಕಂಠ ಸ್ಪಷ್ಟವಾಗಿ ಮೊಳಗಿತು:

“ಒಂದೇ ಸಲ ಉಜ್ಜಿ, ಕಮೋಡು ಫಳಫಳ!”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಂತಾದ್ರೂ ಅಡ್ಡಿಲ್ಲೆ ತಮಾ, ಬಾಯಿ ಬಂತು ಅಲ್ದ?” ಎಂದಳು. ನಾನು ತಲೆಯಾಡಿಸಿದೆ. ಆ ಕಂಪನಿಯ ಮೇಲಿನ ಹೇಸಿಗೆ ಹಳೆಯದು. ಅವತ್ತಿನ ಹೇಸಿಗೆ ನನ್ನ ಮೇಲೆಯೇ. ತಿಂಗಳಿಗೆ ನೂರೈವತ್ತು ರೂಪಾಯಿ ಉಳಿಸಲು ಹೋಗಿ ಭಾವನ ಬಾಯಿಗೆ ಕಕ್ಕಸಿನ ಪುಡಿ ಸುರಿದವನು ನಾನು.

ಅಲ್ಲೇ ಕೂತು, ಹಲ್ಲು ಕಚ್ಚಿ, ಅತಿ ದುಬಾರಿಯ ಚಂದಾ ಕಟ್ಟಿದೆ. ಧನ್ಯವಾದ ಹೇಳಲು ಆ ನಗುವ ಮುಖ ಮತ್ತೆ ಬಂತು. ಈಗ ಜಾಹೀರಾತಿಲ್ಲ, ಪರದೆಯ ಮೇಲಿನ ಭಾವ ಎಲ್ಲೂ ತಡೆಯದೆ ಮಾತಾಡುತ್ತಾನೆ.

ಕಳೆದ ವಾರ ಹೋದಾಗ ಭಾವ ಪರದೆಯ ಎದುರು ಕೂತು ಪೂರ್ತಿ ಸಾಲನ್ನೇ ಹೇಳಿ ತೋರಿಸಿದ. “ತಮ್ಮಾ, ನೀನು ಹೊರಟ ದಾರಿಯಲ್ಲಿ ನನ್ನ ಮಾತು...” ಎಂದು ನಿಂತ. ಪರದೆಯ ಭಾವ ಆಗಲೇ ಮುಂದೆ ಹೋಗಿದ್ದ. ಕುರ್ಚಿಯ ಮೇಲಿನ ಭಾವ ಅವಸರ ಮಾಡಲಿಲ್ಲ. ಕಮೋಡಿನ ಸಾಲನ್ನು ಒಂದಕ್ಷರ ಬಿಡದೆ ಹೇಳಿ ಮುಗಿಸಿ, ಉಸಿರು ತೆಗೆದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, “...ನಿನಗಿಂತ ಮುಂದೆ ನಡೆಯುತ್ತದೆ,” ಎಂದ.