ಬೋಲ್ಟಿನ ತಲೆ ಈ ಕಡೆಗಿತ್ತು

ಮೊನ್ನೆ ಗುರುವಾರ ಬೆಳಿಗ್ಗೆ, ಹಳೆಯ ಮನವಿಪತ್ರವೊಂದರ ಪ್ರತಿಗಾಗಿ ಮೇಜಿನ ಕೆಳಖಾನೆಯನ್ನು ಎಳೆದೆ. ಕಾಗದಗಳ ಅಡಿಯಿಂದ ಹೆಬ್ಬೆರಳುದ್ದದ ಬೋಲ್ಟೊಂದು ಕೊರಳಲ್ಲಿ ನಟ್ಟು ಧರಿಸಿಕೊಂಡೇ ಉರುಳಿ ಬಂತು. ಮೂಗಿಗೆ ಹಿಡಿದೆ. ಇಷ್ಟು ವರ್ಷಗಳ ನಂತರವೂ ಅದರಲ್ಲಿ ಯಂತ್ರದೆಣ್ಣೆಯ ವಾಸನೆ ಉಳಿದಿತ್ತು. ಹೂವಿನ ವಾಸನೆಗೆ, ಹಸಿಮಣ್ಣಿನ ವಾಸನೆಗೆ ನೆನಪು ಬಿಚ್ಚಿಕೊಳ್ಳುವವರನ್ನು ನೀವು ಕಂಡಿರುತ್ತೀರಿ. ನನ್ನ ಬಾಲ್ಯ ಯಂತ್ರದೆಣ್ಣೆಗೆ ತೆರೆದುಕೊಳ್ಳುತ್ತದೆ. ಈ ಬೋಲ್ಟು ಒಮ್ಮೆ ಒಂದು ಅಂತರಿಕ್ಷನೌಕೆಯ ರಹಸ್ಯವನ್ನು ಬಿಡಿಸಿತ್ತು ಎಂದರೆ ನೀವು ನಗುತ್ತೀರಿ. ನಕ್ಕರೂ ಚಿಂತೆಯಿಲ್ಲ, ನನ್ನ ಜೊತೆ ಸ್ವಲ್ಪ ಹೊತ್ತು ಪುಣೆಯ ನಿಗಡಿಯ ತನಕ ಬನ್ನಿ.

ತೊಂಬತ್ತರ ದಶಕದ ನಡುವಿನ ಮಾತು. ವಿದ್ಯುತ್ತಿನ ಹಂಚಿಕೆಗೆ ಅನುಕೂಲವಾಗಲೆಂದು ನಮ್ಮ ಕಡೆಯ ಕಾರ್ಖಾನೆಗಳಿಗೆ ಭಾನುವಾರದ ಬದಲು ಗುರುವಾರ ರಜೆ. ಮಕ್ಕಳಿಗೆ ಒಂದು ದಿನ ಬಿಡುವು, ತಂದೆಗೆ ಇನ್ನೊಂದು ದಿನ. ಒಂದೇ ಮನೆಯ ಮಂದಿ ವಾರದಲ್ಲಿ ಒಂದು ದಿನವೂ ಒಟ್ಟಿಗೆ ಕೂರದಂತೆ ಮಾಡಿದ ಈ ವ್ಯವಸ್ಥೆಯನ್ನು ಅನ್ಯಾಯವೆಂದೇ ನಾನು ಇಂದಿಗೂ ಕರೆಯುತ್ತೇನೆ. ಆದರೆ ಆ ಅನ್ಯಾಯದಿಂದ ಒಂದು ಉಪಕಾರವಾಗಿತ್ತು. ನಾವೆಲ್ಲ ‘ಬಾಗಿಲಿನ ಧಾರಾವಾಹಿ’ ಎಂದು ಕರೆಯುತ್ತಿದ್ದ ಹಿಂದಿ ಧಾರಾವಾಹಿ ಬರುತ್ತಿದ್ದದ್ದು ಗುರುವಾರ ಸಂಜೆಯೇ. ಭೋಸರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದ ನಮ್ಮ ಪಕ್ಕದ ಮನೆಯ ಗುರುನಾಥಕಾಕಾ ಆ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ನಮ್ಮ ಸಾಲಿನ ಏಕೈಕ ಕಲರ್ ಟಿವಿ ಅವರದು.

ಧಾರಾವಾಹಿಯ ಕತೆ ಇಷ್ಟು: ದಾರಿ ತಪ್ಪಿದ ನೌಕೆಯೊಂದರಲ್ಲಿ ಐದು ಯಾತ್ರಿಗಳು. ನಾಲ್ವರು ಗಂಡಸರು, ಒಬ್ಬ ಹೆಂಗಸು. ಗಂಡಸರಿಗೆ ಯಂತ್ರ ನಡೆಸುವ ಕೆಲಸ, ಹೆಂಗಸಿಗೆ ಚೀರುವ ಕೆಲಸ. ನೌಕೆಯ ಕೊನೆಯಲ್ಲಿ ಉಕ್ಕಿನ ಒಂದು ಮುಚ್ಚಿದ ಬಾಗಿಲು. ಪ್ರತಿ ವಾರ ಕಂತು ಮುಗಿಯುವ ಹೊತ್ತಿಗೆ ಆ ಬಾಗಿಲ ಮೇಲೆ ಟಕ್, ಟಕ್, ಟಕ್ ಎಂದು ಮೂರು ಬಡಿತ. ಐವರೂ ಆಯುಧ ಹಿಡಿದು, ಉಸಿರು ಬಿಗಿಹಿಡಿದು, ಹಿಂದೆ ಹಿಂದೆ ಸರಿಯುವರು. ಅಷ್ಟರಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮಿನ ಜಾಹೀರಾತು. ಅದೂ ಒಂದು ಅನ್ಯಾಯವೇ; ಇರಲಿ.

ಬಾಗಿಲ ಹಿಂದೆ ಯಾರಿದ್ದಾರೆ? ಈ ಒಂದು ಪ್ರಶ್ನೆಗಾಗಿ ನಮ್ಮ ಸಾಲಿನ ಜನ ಕಾಕಾನ ಪುಟ್ಟ ನಡುಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಮುಂಬಾಗಿಲ ತುಂಬ ಚಪ್ಪಲಿಗಳ ರಾಶಿ. ನಾನು ಅಡಿಗೆಮನೆಯ ಹಿತ್ತಿಲ ಬಾಗಿಲಿನಿಂದ ನುಸುಳಿ, ಒಲೆಯ ಮುಂದೆ ನಿಂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕುವಿನ ಬೆನ್ನ ಹಿಂದಿನಿಂದ ಹಾದು, ಎಲ್ಲರಿಗಿಂತ ಮುಂದೆ ಹೋಗಿ ಕೂತುಬಿಡುತ್ತಿದ್ದೆ.

“ಎಷ್ಟ ಮಂದಿ ಅದೀರಿ?” ಎಂದು ಒಳಗಿನಿಂದ ಕಾಕು ಕೇಳುವರು.

“ಹನ್ನೊಂದು. ಅಲ್ಲ ತಡಿ, ಮೋರೆ ಅವರು ಬಂದ್ರು. ಹನ್ನೆರಡು!” ಎಂದು ಕಾಕಾ ಕೂಗುವರು.

“ಇನ್ನ ಬಾಗಲಾ ಹಾಕ್ಕೊರಿ ಹಂಗಾರ. ಕಪ್ಪು ಮುಗದ್ವು.”

ನನ್ನ ವಿಷಯವನ್ನೂ ಸ್ವಲ್ಪ ಹೇಳಿಬಿಡಬೇಕು. ನಾನು ಓದುತ್ತಿದ್ದದ್ದು ಹೊಸ ವಿಚಾರಗಳ ಒಂದು ಶಾಲೆಯಲ್ಲಿ. ಅಲ್ಲಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಬದಲು ಒಬ್ಬ ವಿದ್ಯಾರ್ಥಿ ತಾನು ಕಂಡ ಒಂದು ಅನ್ಯಾಯವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಬೇಕಿತ್ತು. ಉಳಿದವರು ಸರದಿಯ ದಿನ ಕಷ್ಟಪಟ್ಟು ಒಂದನ್ನು ಹುಡುಕಿ ತರುತ್ತಿದ್ದರು. ನನಗೆ ಮೂಲೆ ಸಾಲದೆ ಹಲಗೆಯ ನಡುವಿನ ತನಕ ಬರುತ್ತಿತ್ತು. ಕಾಕು ನನ್ನನ್ನು ಹೆಸರು ಹಿಡಿದು ಕರೆದದ್ದೇ ಅಪರೂಪ. “ಬಂದ್ಳು ನೋಡ್ರಿ ನಮ್ಮ ಅನ್ಯಾಯದಾಕಿ” ಎನ್ನುವರು.

ಕಂತು ಮುಗಿದ ಕೂಡಲೇ ನಿಜವಾದ ಆಟ ಆರಂಭ. ಮೂರು ಮನೆ ಆಚೆಯ ಮೋರೆಕಾಕಾ ಪ್ರತಿ ವಾರ ಒಂದೇ ತೀರ್ಪು ಕೊಡುತ್ತಿದ್ದರು: “ಭೂತ ಆಹೆ! ದುಸರಂ ಕಾಯ?” ಅವರಿಗೆ ಭೂತವಲ್ಲದೆ ಬೇರೇನೂ ಒಪ್ಪಿಗೆಯಿರಲಿಲ್ಲ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಯ ಪ್ರಕಾರ ಅಲ್ಲಿರುವವರು ಹಿಂದಿನ ಪ್ರಯಾಣದ ಯಾತ್ರಿಗಳು. “ಹಳೇ ಫೈಲ್ ಅದು. ಯಾರೋ ಪೆಂಡಿಂಗ್ ಇಟ್ಟು ವರ್ಗಾ ಆಗಿ ಹೋಗ್ಯಾರ.” ನನ್ನ ಸಿದ್ಧಾಂತವನ್ನು ನೀವು ಊಹಿಸಿಯೇ ಇರುತ್ತೀರಿ. ನೌಕೆಯನ್ನು ನಿಜವಾಗಿ ನಡೆಸುವ ಶ್ರಮಿಕರನ್ನು ಒಡೆಯರು ಬಾಗಿಲ ಹಿಂದೆ ಕೂಡಿಹಾಕಿದ್ದಾರೆ ಎಂದು ನಾನು ಎದ್ದು ನಿಂತು ವಾದಿಸುತ್ತಿದ್ದೆ.

“ಹನ್ನೆರಡು ತಾಸು ಡ್ಯೂಟಿ ಮಾಡಿಸಿ ಕೂಡಿಹಾಕಿದ್ರ, ಬರೇ ಮೂರು ಸಲಾ ಬಡೀತಿದ್ರೇನವಾ ಅವರು? ಕದಾನೇ ಕಿತ್ತು ಹಾಕತಿದ್ರು,” ಎಂದು ಕಾಕಾ ನಗುವರು. ಶ್ರಮಿಕರ ಪರವಾಗಿ ಹೂಡಿದ ವಾದವನ್ನು ಕೋಣೆಯಲ್ಲಿದ್ದ ಏಕೈಕ ಶ್ರಮಿಕರೇ ಬೀಳಿಸಿದಾಗ ಆಗುವ ಮುಖಭಂಗ ನಿಮಗೆ ಬಾರದಿರಲಿ.

ಒಂದು ಗುರುವಾರ ಚರ್ಚೆ ಕಾವೇರಿದ್ದಾಗ ಚಹಾದ ತಟ್ಟೆ ತರಲು ಒಳಗೆ ಹೋದೆ. ಕಾಕು ಸೋಸುತ್ತ ಸೋಸುತ್ತಲೇ, ನನ್ನ ಕಡೆ ನೋಡದೆ ಹೇಳಿದರು:

“ಒಳಗ ಸಿಕ್ಕೊಂಡವರು ಹಂಗ ಬಡಿಯಂಗಿಲ್ಲ, ತಂಗಿ. ಅವರು ಒಂದಽ ಸವನ ಬಡೀತಾರ. ಮೂರು ಸಲಾ ಬಡದು ಸುಮ್ಮಗ ನಿಂದರೋರು ಹೊರಗಿಂದ ಬಂದೋರು. ಒಳಗ ಯಾರರೆ ಓ ಅಂತಾರೇನು ಅಂತ ಕಾಯತಾರ.”

“ಅಂದರೆ?”

“ಅಂದ್ರ ಏನು? ಸಿಕ್ಕೊಂಡವರು ಈ ಐದು ಮಂದೀನಽ. ಅವರಿಗೇ ಗೊತ್ತಿಲ್ಲ, ಅಷ್ಟಽ.”

ಕಾಕು ಆ ಧಾರಾವಾಹಿಯ ಒಂದು ಕಂತನ್ನೂ ನೋಡಿರಲಿಲ್ಲ. ಒಲೆಯ ಮುಂದೆ ನಿಂತು, ಗೋಡೆಗೆ ಬೆನ್ನು ಮಾಡಿ, ಎಲ್ಲವನ್ನೂ ಬರಿಯ ಕಿವಿಯಿಂದ ಕೇಳಿದ್ದರು. ನಾವೆಲ್ಲ ಬಾಗಿಲನ್ನು ನೋಡುತ್ತಿದ್ದಾಗ ಅವರೊಬ್ಬರು ಬಡಿತವನ್ನು ಆಲಿಸಿದ್ದರು. ತಟ್ಟೆಯಲ್ಲಿ ಅರ್ಧ ಚಹಾ ಚೆಲ್ಲಿಕೊಂಡು ನಡುಮನೆಗೆ ಓಡಿದೆ, ಕಾಕು ಹೇಳಿದ್ದನ್ನು ಕೂಗಿ ಹೇಳಿದೆ.

ಕಾಕಾ ಜಿಗಿದೆದ್ದು, ಮೊಳೆಗೆ ತೂಗುಹಾಕಿದ್ದ ತಮ್ಮ ಕೆಲಸದ ಚೀಲದಿಂದ ಈ ಬೋಲ್ಟನ್ನು ತೆಗೆದು, ಗೋಡೆಯ ಕ್ಯಾಲೆಂಡರಿನ ರಟ್ಟಿಗೆ ಚುಚ್ಚಿಬಿಟ್ಟರು. ಹಿಂದಿನಿಂದ ನಟ್ಟು ತಿರುವಿದರು.

“ನೋಡ್ರಿ ಇಲ್ಲೆ! ತಿರುವೋದು ನಟ್ಟು. ಆ ಕದದಾಗ ನಮಗ ಕಾಣೋದು ಏನು? ಬೋಲ್ಟಿನ ತಲಿ! ಪ್ರತಿ ವಾರ ನೋಡೀನಿ ನಾ, ಹನ್ನೆರಡೂ ತಲಿ ಈ ಕಡಿಗೆ. ಹಂಗಾರ ನಟ್ಟು ಆ ಕಡಿಗೆ. ತಿರುವಿದಂವಾನೂ ಆ ಕಡಿಗೇ ನಿಂತಿದ್ದ! ಕದಾ ಹೊರಗಿಂದ ಹಾಕ್ಯಾರೋ!”

ಆ ಗದ್ದಲವನ್ನು ನಾನು ಹೇಗೆ ವರ್ಣಿಸಲಿ? ಮೋರೆಕಾಕಾ ಭೂತವನ್ನು ಕೈಬಿಟ್ಟರು. ನನ್ನ ತಂದೆ ಕ್ಯಾಲೆಂಡರನ್ನು ಅತ್ತ ಇತ್ತ ತಿರುಗಿಸಿ, ಕಡತ ಪರಿಶೀಲಿಸಿದವರಂತೆ ತಲೆಯಾಡಿಸಿದರು. ಯಾರೋ ಸಿಳ್ಳೆ ಹಾಕಿದರು. ಬೋಲ್ಟನ್ನು ಕಾಕಾ ನನಗೇ ಕೊಟ್ಟುಬಿಟ್ಟರು. ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಒಂದು ಊಹೆಗೆ ಇಷ್ಟು ಬೇಗ, ಇಷ್ಟು ಗಟ್ಟಿಯಾದ ಸಾಕ್ಷ್ಯ ದೊರೆತಿರಲಾರದು.

ಅದೇ ತಿಂಗಳು, ಬಾಗಿಲ ಹಿಂದೆ ಯಾರಿದ್ದಾರೆಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿರಿ, ಒಳ್ಳೆಯ ಉತ್ತರವನ್ನು ಕಂತಿನ ಕೊನೆಗೆ ಓದುತ್ತೇವೆ, ಒಂದು ಮನೆಗೆ ಒಂದೇ ಕಾರ್ಡು, ಎಂದು ಟಿವಿಯಲ್ಲಿ ಪ್ರಕಟಿಸಿದರು. ಮರುದಿನ ಕಾಕು ನನ್ನನ್ನು ಹಿತ್ತಿಲಿಗೆ ಕರೆದರು.

“ನಿನ್ನ ಅಕ್ಷರ ದುಂಡಗ ಅದಾವ. ಹಿಂದಿನೂ ಛಂದ ಬರೀತಿ. ನಂದೊಂದು ಕಾರ್ಡ್ ಬರದು ಹಾಕು. ಕೆಳಗ ತುಂಗಾ ಅಂತ ಬರಿ.”

“ತುಂಗಾ ಯಾರು?”

“ನಾನಽ.”

ನನಗೆ ಗೊತ್ತಿದ್ದದ್ದು ಸುಮಿತ್ರಾ ಎಂಬ ಹೆಸರು. ಅದು ಮದುವೆಯ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಬರೆದು ಗಂಡನ ಮನೆಯವರು ಕೊಟ್ಟ ಹೆಸರಂತೆ. ತುಂಗಾ ಎಂಬುದು ಧಾರವಾಡದ ತವರಿನಲ್ಲೇ ಉಳಿದುಹೋಯಿತು. “ಒಮ್ಮೆ ಟಿವಿಯಾಗ ಯಾರರೆ ತುಂಗಾ ಅಂದ್ರ, ಹೆಂಗ ಕೇಳಸ್ತದ ನೋಡೂಣು ಅಂತ,” ಎಂದು ಕಾಕು ಒಣಹಾಕಿದ ಬಟ್ಟೆಯ ಮರೆಗೆ ಮುಖ ತಿರುಗಿಸಿ ನಕ್ಕರು.

ನಾನು ಕುದಿದುಹೋದೆ. ಮರುದಿನ ಶಾಲೆಯ ಹಲಗೆಯ ಮೇಲೆ ‘ವಧುವಿನ ಹೆಸರು ಬದಲಿಸುವ ಪದ್ಧತಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ, ಹತ್ತು ನಿಮಿಷ ಭಾಷಣ ಮಾಡಿದೆ, ಚಪ್ಪಾಳೆ ಗಿಟ್ಟಿಸಿದೆ. ಅದೇ ಸಂಜೆ ಕಾರ್ಡು ಬರೆಯಲು ಕೂತೆ. ಉತ್ತರವನ್ನೆಲ್ಲ ಬರೆದು, ಹೆಸರಿನ ಜಾಗಕ್ಕೆ ಬಂದಾಗ ನನ್ನ ತಲೆಯೊಳಗೆ ಒಂದು ಮಹತ್ತಾದ ವಿಚಾರ ಹೊಳೆಯಿತು. ಈ ದೇಶದ ಟಿವಿಯಲ್ಲಿ ಒಬ್ಬ ಕಾರ್ಖಾನೆಯ ಕೆಲಸಗಾರನ ಹೆಸರು ವಿಜ್ಞಾನದ ವಿಷಯಕ್ಕೆ ಎಂದಾದರೂ ಕೇಳಿಬಂದಿದೆಯೇ? ಬೋಲ್ಟಿನ ಸಾಕ್ಷ್ಯ ಯಾರದು? ಶ್ರಮಕ್ಕೆ ಮನ್ನಣೆ ಸಿಗಬೇಡವೇ? ಮನೆಗೆ ಒಂದೇ ಕಾರ್ಡು ಬೇರೆ. ನಾನು ದುಂಡಾದ ಅಕ್ಷರಗಳಲ್ಲಿ ಬರೆದೆ: ಗುರುನಾಥ, ಫಿಟ್ಟರ್, ನಿಗಡಿ, ಪುಣೆ.

ಕಾಕುವಿಗೆ ಹೇಳಿದೆ ಕೂಡ, ವಿವರಿಸಿಯೇ ಹೇಳಿದೆ. ಅವರು ಹಿಟ್ಟು ನಾದುತ್ತಿದ್ದರು. “ಆತು. ಹಂಗಽ ಹಾಕು,” ಎಂದರು.

ಮೂರನೆಯ ಗುರುವಾರ ಕಾರ್ಡನ್ನು ಓದಿಯೇಬಿಟ್ಟರು! ನಿರೂಪಕ “ಅದ್ಭುತ ತರ್ಕ” ಎಂದ. ಇಡೀ ನಡುಮನೆ ಗದ್ದಲದಿಂದ ಸಿಡಿದುಹೋಯಿತು. ಮೋರೆಕಾಕಾ ಕಾಕಾನನ್ನು ಸೊಂಟ ಹಿಡಿದು ಎತ್ತಿದರು. “ಏ, ಇಳಸ್ರೀ! ಅದು ನಂದಲ್ಲ, ಇಕೀದು,” ಎಂದು ಕಾಕಾ ಗಾಳಿಯಲ್ಲೇ ಕೂಗುತ್ತಿದ್ದರು. “ಬಾಯಕೋಲಾ ಕಿತೀ ಘಾಬರತೋ!” ಎಂದು ಹೆಂಡತಿಗೆ ಹೆದರುವ ಗಂಡನೆಂದು ಮೋರೆ ಹಾಸ್ಯ ಮಾಡಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ತಿರುಗಿ ನೋಡಿದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಕಾಕು ಅಡಿಗೆಮನೆಯ ಹೊಸ್ತಿಲಿಗೆ ಬಂದು, ಕೈಯಲ್ಲಿ ಚಹಾ ಸೋಸುವ ಸಾಣಿಗೆ ಹಿಡಿದು ನಿಂತಿದ್ದರು. ಹೆಸರು ಓದಿದ್ದು ಮುಗಿದಿತ್ತು. ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಧ್ವನಿ ಬಂತು:

“ಎಷ್ಟ ಮಂದಿ ಅದೀರಿ?”

ಆ ಅನ್ಯಾಯವನ್ನು ನಾನು ಹಲಗೆಯ ಮೇಲೆ ಬರೆಯಲಿಲ್ಲ.

ಬಾಗಿಲು ತೆರೆಯುವ ಮೊದಲೇ, ಯಾವ ಕಾರಣವನ್ನೂ ಹೇಳದೆ ಧಾರಾವಾಹಿಯನ್ನು ನಿಲ್ಲಿಸಿಬಿಟ್ಟರು. ಆದರೆ ತೆರೆಯದ ಬಾಗಿಲಿಗಿರುವ ಆಯುಸ್ಸು ತೆರೆದ ಬಾಗಿಲಿಗಿಲ್ಲ. ಹೊಸ ಶತಮಾನ ಬಂತು, ಸೈಬರ್ ಕೆಫೆಗಳು ಬಂದವು, ನಮ್ಮಂತಹ ಹುಚ್ಚರು ಊರೂರುಗಳಲ್ಲಿ ಇದ್ದಾರೆಂಬುದು ತಿಳಿಯಿತು. ಅಂತರಜಾಲದ ಒಂದು ಚರ್ಚಾಗುಂಪಿನಲ್ಲಿ ಈಗಲೂ ಆ ಬಾಗಿಲಿನ ಬಗ್ಗೆ ಜಗಳ ನಡೆಯುತ್ತದೆ. ಯಾರೋ ತಮ್ಮ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಸಿಡಿಗಳಿಗೆ ಇಳಿಸಿ ಎಲ್ಲರಿಗೂ ಹಂಚಿದರು. ಆ ಗುಂಪಿನಲ್ಲಿ ಎಲ್ಲರೂ ಗೌರವದಿಂದ ಎತ್ತಿ ಹೇಳುವ ಒಂದು ಮತವಿದೆ. ಅದರ ಹೆಸರು ‘ಗುರುನಾಥ ಸಿದ್ಧಾಂತ’. ಆ ಎರಡು ಪದಗಳನ್ನು ಕಂಡಾಗಲೆಲ್ಲ, ಊರಿನ ಅನ್ಯಾಯಗಳಿಗೆಲ್ಲ ಮನವಿಪತ್ರ ಬರೆಯುವ ನನ್ನ ಕೈ ಆ ಪುಟವನ್ನು ಮುಚ್ಚಿಬಿಡುತ್ತಿತ್ತು.

ಮೊನ್ನೆ ಬೋಲ್ಟು ಸಿಕ್ಕಿದ್ದು ನೆಪವಾಯಿತು. ಅದನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಸಂಜೆಯೇ ನಿಗಡಿಗೆ ಹೋದೆ. ಸಿಡಿಗಳನ್ನು ತಿಂಗಳ ಹಿಂದೆಯೇ ಕೊಟ್ಟುಬಂದಿದ್ದೆ. ಕಾಕಾ ನಿವೃತ್ತರಾಗಿದ್ದಾರೆ, ಒಳಗೆ ಚಹಾ ಮಾಡುತ್ತಿದ್ದರು. ಕಾಕು ಟಿವಿಯ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ನಾನು ನಿಂತುಕೊಂಡೇ, ದಾರಿಯುದ್ದಕ್ಕೂ ಉರುಹೊಡೆದ ಕ್ಷಮಾಪಣೆಯನ್ನು ಒಪ್ಪಿಸಿದೆ. ಇಷ್ಟು ವರ್ಷ ಬೇರೆಯವರ ತಪ್ಪುಗಳನ್ನು ಹೆಸರಿಸಿದೆ, ನನ್ನದನ್ನು ಹೆಸರಿಸಲಿಲ್ಲ. ಈಗಲೇ, ನಿಮ್ಮ ಎದುರಿನಲ್ಲೇ, ಸಿದ್ಧಾಂತದ ಹೆಸರನ್ನು ತಿದ್ದಿಸುತ್ತೇನೆ ಎಂದೆ.

“ಏ, ತಿದ್ದಬ್ಯಾಡ, ತಿದ್ದಬ್ಯಾಡ!” ಎಂದು ಕಾಕು ಕೈಯಾಡಿಸಿದರು. “ಈಗ ಎಲ್ಲಾ ಕುಂತು ನೋಡೀನಲ್ಲ. ಅದು ಅರ್ಧಾ ತಪ್ಪದ. ತಪ್ಪಿಂದು ನಿಮ್ಮ ಕಾಕಾನ ಹೆಸರಿಲೇ ಇರ್ಲಿ.”

“ಏನ್ ತಪ್ಪದ? ಬೋಲ್ಟಿನ ತಲಿ ಈ ಕಡಿಗೇ ಅದಾವ!” ಎಂದು ಒಳಗಿನಿಂದ ಕಾಕಾ ಗುಡುಗಿದರು.

“ಅದಾವ್ರಿ, ಯಾರು ಇಲ್ಲ ಅಂದ್ರು? ತಂಗಿ, ನೌಕೆಯಾಗ ಎಷ್ಟ ಮಂದಿ?”

“ಐದು.”

“ಟೇಬಲ್ ಮ್ಯಾಲೆ ಕಪ್ಪು ಎಷ್ಟು?”

ನಾನು ಲೆಕ್ಕಕ್ಕೆ ಬೆರಳು ಮಡಿಸುವಷ್ಟರಲ್ಲಿ ಕಾಕುವೇ ಹೇಳಿದರು:

“ಆರು. ಪ್ರತಿ ಕಂತಿನಾಗೂ ಆರು. ಅದೂ ಹಬೆ ಆಡತಿರ್ತದ. ಚಾ ಯಾರು ಇಟ್ರು? ಐದರಾಗ ಒಬ್ಬರೂ ಎದ್ದದ್ದು ನಾ ನೋಡಿಲ್ಲ.” ಕಾಕು ಕುರ್ಚಿಯ ಅಂಚಿಗೆ ಜರುಗಿದರು, ಕಣ್ಣುಗಳು ಹೊಳೆಯುತ್ತಿದ್ದವು. “ಆರನೇದಾಕಿ ಒಬ್ಬಾಕಿ ಅದಾಳ. ಬಡಿಯಾಕಿನೂ ಆಕಿನಽ. ಹೊರಗ ನಿಂತು, ನಟ್ಟು ನನ್ನ ಕಡಿಗೆ ಅದಾವ, ತಗೀಲೇನು ಅಂತ ಕೇಳತಾಳ. ಇವರು ಬಂದೂಕು ಹಿಡದು ಹಿಂದಕ್ಕ ಸರೀತಾರ. ಆತು ಬಿಡು ಅಂತ ಆಕಿ ಹಿತ್ತಲ ಬಾಗಲದಿಂದ ಬಂದು ಚಾ ಇಟ್ಟು ಹೋಗತಾಳ.”

“ಹಿತ್ತಲ ಬಾಗಿಲೇ? ನೌಕೆಯಲ್ಲಿ?”

“ಅಡಿಗಿಮನಿಗೆ ಹಿತ್ತಲ ಬಾಗಲಾ ಇರಂಗಿಲ್ಲೇನು? ಇವರು ಸಿಕ್ಕೊಂಡೇ ಇಲ್ಲ. ಬೇಕಂದಾಗ ಹೊರಗ ಹೋಗಬಹುದಿತ್ತು. ಆದ್ರ ಐದು ಮಂದ್ಯಾಗ ಒಬ್ಬರೂ ಒಂದು ದಿನಾನೂ ಅಡಿಗಿಮನಿಗೆ ಹೋಗಿಲ್ಲ ನೋಡು.”

ಅದು ಸೆಟ್ಟಿನ ಸಾಮಾನು ಹೊಂದಿಸುವವರ ಅಜಾಗರೂಕತೆ ಇರಬಹುದು ಎಂದು ನಿಮಗೆ ಅನ್ನಿಸುತ್ತಿದೆ, ಅಲ್ಲವೇ? ಆ ಕ್ಷಣದಲ್ಲಿ ನನಗೆ ಅನ್ನಿಸಲಿಲ್ಲ. ಒಳಗೆ ಸಾಣಿಗೆಯ ಸದ್ದೂ ನಿಂತುಹೋಗಿತ್ತು. ನಾನು ನೆಲದ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು, ಕಾಕು ಹೇಳಿದಂತೆಯೇ, ನನ್ನದೊಂದು ವಿಚಾರವನ್ನೂ ಸೇರಿಸದೆ, ಸಾಲು ಸಾಲಾಗಿ ಬರೆದೆ. ಕೆಳಗೆ ಹೆಸರು ಹಾಕಿದೆ: ತುಂಗಾ, ನಿಗಡಿ, ಪುಣೆ. ಚರ್ಚಾಗುಂಪಿಗೆ ಕಳಿಸಿದೆ.

ಕಾಕಾ ಚಹಾ ತಂದಿಡುವಷ್ಟರಲ್ಲಿ ಮೊದಲ ಉತ್ತರ ಬಂದಿತ್ತು. ನಾನು ಪರದೆಯನ್ನು ಕಾಕುವಿನ ಕಡೆಗೆ ತಿರುಗಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಹಿಂದಿಯ ಆ ಒಂದು ಸಾಲನ್ನು ಅಕ್ಷರ ಅಕ್ಷರವಾಗಿ, ಧ್ವನಿ ಎತ್ತಿ ಓದಿದರು. ಈ ತುಂಗಾ ಯಾರು, ಎಂದು ಯಾರೋ ಕೇಳಿದ್ದರು.

“ಬರಿ,” ಎಂದರು ಕಾಕು. “ನಾನಽ ಅಂತ ಬರಿ.”