ಬೀಡಿ ಅಜ್ಜಿಯ ಲೋಟ

ಬಲಗೈ ಹೆಬ್ಬೆರಳಿನ ಉಗುರನ್ನು ಅಜ್ಜಿ ಕತ್ತರಿಸುತ್ತಿರಲಿಲ್ಲ. ಬೀಡಿಯ ಬಾಯಿ ಮಡಿಸಲು ಅವರಿಗೆ ಅದು ಬೇಕಿತ್ತು. ಹೊಗೆಸೊಪ್ಪಿಗೆ ಹಳದಿಗಟ್ಟಿದ್ದ ಆ ಉಗುರಿನಿಂದಲೇ ನನ್ನ ಮಾತ್ರೆಯ ಹಾಳೆಯನ್ನೂ ಸೀಳಿ ಕೊಡುತ್ತಿದ್ದರು.

ತುಮಕೂರಿನ ಆ ಮುಸ್ಲಿಮರ ಬೀದಿಯಲ್ಲಿ ಮನೆಮನೆಯಲ್ಲೂ ಹೆಂಗಸರು ಬೀಡಿ ಕಟ್ಟುತ್ತಿದ್ದರು, ಮನೆಮನೆಯಲ್ಲೂ ಕೆಮ್ಮು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಕೆಲಸ ಹಾಳು ಎಂದು ಯಾರೂ ಹೋಗುತ್ತಿರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಆರೋಗ್ಯ ಇಲಾಖೆಯವರೇ ಬಂದು ಮಸೀದಿ ಕಮಿಟಿಯವರೊಂದಿಗೆ ಕೂತು ಮಾತಾಡಿ, ಟಿ.ಬಿ. ಮಾತ್ರೆಯ ಡಬ್ಬಗಳನ್ನು ಅಜ್ಜಿಯ ಮನೆಯಲ್ಲಿಟ್ಟರು. ವಾರಕ್ಕೆ ಮೂರು ದಿನ, ಆರು ತಿಂಗಳು, ಅಜ್ಜಿಯ ಕಣ್ಣೆದುರೇ ನುಂಗಬೇಕು.

ನಾನು ಆ ಬೀದಿಯವಳಲ್ಲ. ಹಾಗಲವಾಡಿಯವಳು, ತುಮಕೂರಿನಲ್ಲೇ ಬೇರೆ ಬೀದಿಯ ಅಣ್ಣನ ಮನೆಯಲ್ಲಿದ್ದುಕೊಂಡು ಹಿರೇಹಳ್ಳಿಯ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಕಾಯಿಲೆ ಗೊತ್ತಾದ ದಿನವೇ ಅತ್ತಿಗೆ ನನ್ನ ತಟ್ಟೆ ಲೋಟ ಬೇರೆ ಮಾಡಿದರು. ಮಕ್ಕಳು ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದವು. ನಮ್ಮ ಬೀದಿಯಲ್ಲಿ ಗೊತ್ತಾದರೆ ಮದುವೆಯ ಮಾತೇ ಇಲ್ಲ. ಆಸ್ಪತ್ರೆಯ ನರ್ಸಮ್ಮನನ್ನು ಬೇಡಿಕೊಂಡು ನನ್ನ ಡಬ್ಬವನ್ನೂ ಅಜ್ಜಿಯ ಮನೆಗೇ ಹಾಕಿಸಿಕೊಂಡೆ.

ಮೊದಲ ದಿನ ಬ್ಯಾಗಿನಿಂದ ನನ್ನ ಲೋಟ ತೆಗೆದೆ. ಅಜ್ಜಿಯ ಮುಖ ಸಪ್ಪಗಾಯಿತು.

“ನಮ್ ಲೋಟದಲ್ಲಿ ಕುಡಿಯಲ್ವೇನವ್ವಾ?”

“ಅಯ್ಯೋ, ಅದಕ್ಕಲ್ಲ ಅಜ್ಜಿ. ನನ್ ಕಾಯ್ಲೆ ನಿಮ್ಗೆ ಬಂದ್ರೆ?”

“ಲೋಟದಿಂದ ಬರಲ್ಲ ಅಂತ ಡಾಕ್ಟ್ರು ಹೇಳವ್ರೆ ಕಣೇ” ಎಂದು ನಕ್ಕುಬಿಟ್ಟರು. ತಮ್ಮ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. ನಾನು ಮಾತ್ರೆ ನುಂಗಿದ ಮೇಲೆ ಅದೇ ಲೋಟಕ್ಕೆ ಟೀ ಬಗ್ಗಿಸಿಕೊಂಡು ಕುಡಿದರು. ನನಗೆ ಅಳು ತಡೆಯಲಾಗಲಿಲ್ಲ.

ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಹೋಗುವುದನ್ನೇ ಬಿಟ್ಟೆ. ವಾರ ಕಳೆದಿರಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿ ಫ್ಯಾಕ್ಟರಿ ಗೇಟಿನಲ್ಲಿ ನಿಂತಿದ್ದರು. ಬಸ್ಸು ಹತ್ತಿ, ದಾರಿ ಕೇಳಿಕೊಂಡು ಬಂದಿದ್ದರು. ಜೊತೆಯ ಹುಡುಗಿಯರೆಲ್ಲ ಪಕ್ಕದಲ್ಲೇ ಇದ್ದರು. ನನ್ನ ಜೀವ ಬಾಯಿಗೆ ಬಂತು.

“ನಿನ್ ಬ್ಲೌಸ್ ಹೊಲ್ದು ಎಂಟು ದಿನ ಆಯ್ತು, ಯಾಕೆ ಬರ್ಲಿಲ್ಲ?” ಎಂದು ಎಲ್ಲರೆದುರೇ ಬೈದರು. ನಾನು ಅವರಿಗೆ ಯಾವ ಬ್ಲೌಸನ್ನೂ ಹೊಲಿಯಲು ಕೊಟ್ಟಿರಲಿಲ್ಲ. ಆಮೇಲೆ ಮರೆಗೆ ಕರೆದೊಯ್ದು ಕರ್ಚೀಫಿನ ಗಂಟು ಬಿಚ್ಚಿದರು. ಒಳಗೆ ಮಾತ್ರೆಗಳಿದ್ದವು.

“ನನ್ ಮಗಳೂ ಹಿಂಗೇ, ಕೆಮ್ಮು ಹೋಯ್ತು ಅಂತ ಬುಟ್ಬುಟ್ಳು. ಉಳೀಲಿಲ್ಲ. ನುಂಗು ಬೇಟಿ, ನಾನು ನೋಡ್ಬೇಕು.”

ಆರು ತಿಂಗಳು ಮುಗಿಸಿದೆ. ಮುಂದಿನ ವರ್ಷ ಕುಣಿಗಲ್ಲಿಗೆ ಮದುವೆಯಾಯಿತು. ಫ್ಯಾಕ್ಟರಿಯ ವಾಚ್‌ಮನ್ನಿಗೂ ಲಗ್ನಪತ್ರಿಕೆ ಕೊಟ್ಟ ನಾನು ಅಜ್ಜಿಗೆ ಕೊಡಲಿಲ್ಲ. ಬಂದರೆ ಯಾರೆಂದು ಹೇಳಲಿ?

ಕೆಲವು ವರ್ಷಗಳ ಮೇಲೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನರ್ಸಮ್ಮ ಸಿಕ್ಕರು. ಗಂಡ ನೀರಿನ ಬಾಟಲಿ ತರಲು ಹೋಗಿದ್ದರು. ಅಜ್ಜಿ ತೀರಿಕೊಂಡು ವರ್ಷವಾಗಿತ್ತಂತೆ.

“ಆ ಹುಡುಗಿಗೆ ಮದ್ವೆ ಆಯ್ತಾ ಅಂತ ಕೇಳ್ತಿದ್ರು. ಆಯ್ತು ಅಂದೆ. ಸದ್ಯ, ಯಾರ್ಗೂ ಗೊತ್ತಾಗ್ಲಿಲ್ವಲ್ಲ ಅಂದ್ರು.”

ಬಸ್ಸಿನಲ್ಲಿ ನಾನು ಕಣ್ಣೊರೆಸಿಕೊಳ್ಳುವುದನ್ನು ಗಂಡ ನೋಡಿದರು. ಗೊತ್ತಿದ್ದವರೊಬ್ಬರು ಹೋಗಿಬಿಟ್ಟರಂತೆ ಎಂದೆ.

“ಯಾರು?”

“ಬ್ಲೌಸ್ ಹೊಲೀತಿದ್ದೋರು.”