ಏಳು ಲಿವರಿನ ಹೊಸ ಕೀಲಿ

ಕಾರ್ಖಾನೆಯ ಗೇಟಿಗೆ ಕೀಲಿ ಜಡಿಯುವುದು ಸುಲಭದ ಕೆಲಸ. ಕಬ್ಬಿನ ಚಳವಳಿಯ ಕಾಲದಲ್ಲಿ ನಾವು ಬೇಕಾದಷ್ಟು ಜಡಿದಿದ್ದೇವೆ. ಫೋಟೊದವರು ಬರುತ್ತಾರೆ, ಪೊಲೀಸರು ಬರುತ್ತಾರೆ, ಚಹಾ ಕೂಡ ಬರುತ್ತದೆ. ಒಂದು ಗಾಡಿಯೂ ನಿಲ್ಲದಂತೆ ಕೀಲಿ ಬದಲಿಸುವುದು ಬೇರೆಯೇ ಕಸುಬು. ಅದನ್ನು ಬಲ್ಲವಳು ನಮ್ಮ ಕರೋಶಿಯ ಸುಂದರಾ.

ಸುಂದರಾ ಚಿಕ್ಕೋಡಿ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯವಳು. ಹನ್ನೆರಡನೆಯ ತಿಂಗಳು ಕೊಟ್ಟರೆ ಎಲ್ಲಿ ಕಾಯಂ ಮಾಡಬೇಕಾದೀತೋ ಎಂದು ಆಡಳಿತಕ್ಕೆ ಹೆದರಿಕೆ. ಅವ್ವ ಕಬ್ಬು ಕಡಿದವಳು. ಮಗಳು, ಯಾರ ಕಬ್ಬು ಯಾವ ದಿನ ಕಡಿಯಬೇಕೆಂಬ ಪಾಳಿ ಪಟ್ಟಿ ಕಾಯುವವಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ಆಫೀಸುಗಳ ಐದು ಸರ್ವರ್‌ಗಳಲ್ಲಿ ಆ ಪಟ್ಟಿಗಳಿವೆ. ಯಾರು ಎಲ್ಲಿ ಕುಳಿತು ತೆರೆದರೂ ಒಂದೇ ಕಪಾಟು ತೆರೆದಂತೆ.

ಆ ಕಪಾಟನ್ನು ಕಾಯುವ ಗುಪ್ತ ಕೀಲಿ ಹದಿನೈದು ವರ್ಷ ಹಳೆಯದು. ಈಗ ಅದನ್ನು ಯಾವ ಪುಂಡನಾದರೂ ಒಂದು ದಿನದಲ್ಲಿ ಮುರಿಯುತ್ತಾನೆಂದು ತಪಾಸಣೆಯವರು ಬರೆದಿಟ್ಟು ಹೋದರು. ಮ್ಯಾನೇಜರ್ ರಾಜಾರಾಮ ಸುಂದರಾಳನ್ನು ಕರೆಸಿದ.

"ಬದಲ್ ಮಾಡವಾ. ಆದ್ರ ಸೀಜನ್ ಐತಿ. ಕಬ್ಬ ತೂಗೂ ಕಾಟಾದ ಮುಂದ ಒಂದ ಟ್ರ್ಯಾಕ್ಟರ್ ನಿಂತ್ರೂ ಒಂದನೇ ತಾರೀಖಿಗೆ ನಿನ್ನ ಗುತ್ತಿಗಿ ಕಾಗದಕ್ಕ ಸಹಿ ಹಾಕಂಗಿಲ್ಲ."

"ನಿಲ್ಲೂದಿಲ್ರಿ. ಬಸ್ ಪಾಸ್ ಇದ್ದಂಗ ಇದು. ಸರ್ವರ್ ಅಂದ್ರ ಕಂಡಕ್ಟರ್, ಕೀಲಿ ಅಂದ್ರ ಪಾಸಿನ ಮ್ಯಾಲ ಒತ್ತೂ ಶಿಕ್ಕಾ. ಮೊದಲ ಎಲ್ಲಾ ಕಂಡಕ್ಟರಿಗೂ ಹೊಸ ಶಿಕ್ಕಾ ತೋರಿಸಿ, ಹಳೇದೂ ನಡಸ್ರಿ ಅನ್ನೂದು. ಆಮ್ಯಾಲ ಹೊಸ ಶಿಕ್ಕಾದ ಪಾಸ್ ಕೊಡೂದು. ಹಳೇ ಪಾಸ್ ಹತ್ತ ತಾಸಿನಾಗ ತಾವ ಸಾಯ್ತಾವು. ಅವು ಸತ್ತ ಮ್ಯಾಲ ಹಳೇ ಶಿಕ್ಕಾ ಒಗಿಯೂದು."

"ಅಷ್ಟ್ಯಾಕ ತ್ರಾಸ? ಐತಾರ ಸೂಟಿ ದಿನ ಒಮ್ಮೆಲೆ ಕಿತ್ತ ಒಗದ್ರಾತು."

"ಕಬ್ಬಿಗೆ ಐತಾರ ಇಲ್ರಿ, ಸಾಹೇಬ್ರ."

ಇಂಥ ಕೀಲಿಯನ್ನು ಈಮೇಲಿನಲ್ಲಿ ಕಳಿಸುವುದೆಂದರೆ ಟಪಾಲನ್ನು ಕಳ್ಳನ ಕೈಗೇ ಕೊಟ್ಟಂತೆ. ಸುಂದರಾ ಅದನ್ನು ಪೆನ್‌ಡ್ರೈವ್‌ಗಳಲ್ಲಿ ತುಂಬಿ, ಲಕೋಟೆಗೆ ಅರಗು ಹಚ್ಚಿ ಆಫೀಸುಗಳಿಗೆ ಕಳಿಸಿದಳು. ಹಳೆಯ ಕೀಲಿಯ ನಂಬರು ಆರು, ಹೊಸದರದು ಏಳು. ಎಲ್ಲರಿಗೂ ಫೋನಿನಲ್ಲಿ ಒಂದೇ ಮಾತು: "ಹೊಸಾ ಕೀಲಿ ಹಾಕ್ರಿ. ಹಳೇದು ತಗೀಬ್ಯಾಡ್ರಿ. ಎರಡೂ ಇರ್ಲಿ."

ನಮ್ಮ ಕಡೆ ಕೀಲಿ ಎಂದರೆ ಬೀಗ. ಮರಾಠಿಯಲ್ಲಿ ಕಿಲ್ಲಿ ಎಂದರೆ ಚಾವಿ. ಕಾಗವಾಡದಲ್ಲಿ ಒಂದೇ ಬಾಯಿ ಎರಡನ್ನೂ ಆಡುತ್ತದೆ. ಅಲ್ಲಿನ ಕ್ಲರ್ಕು ಸಮಾಧಾನನದೂ ಅಂಥದೇ ಬಾಯಿ.

ಮಂಗಳವಾರ ಬೆಳಿಗ್ಗೆ ನಾಲ್ಕು ಆಫೀಸುಗಳ ಕೆಲಸ ಮುಗಿದಿತ್ತು. ಸುಂದರಾ ಕಾಗವಾಡಕ್ಕೆ ಫೋನು ಹಚ್ಚಿದಳು.

"ಸಮಾಧಾನಣ್ಣಾ, ಹೊಸಾ ಕೀಲಿ ಹಾಕಿದ್ರೇನ್ರಿ?"

"ನಿನ್ನೇನ ಹಾಕೀನಿ ತಂಗಿ. ಹಳೇದು ಮುಟ್ಟಿಲ್ಲ. ಎರಡೂ ಅದಾವು."

"ನಂಬರ್ ಎಷ್ಟ ಐತಿ?"

"ಏಳು."

ಇನ್ನು ಹೊಸ ಪಾಸು ಶುರು ಮಾಡುವುದೊಂದೇ ಬಾಕಿ. ಸುಂದರಾಳ ಬೆರಳು ಗುಂಡಿಯ ಮೇಲಿತ್ತು.

"ಅಸಲ ಪಿತ್ತಾಳಿ ಐತಿ ಮತ್ತ," ಎಂದ ಸಮಾಧಾನ. "ಮಿರಜಿಗೆ ಹೋಗಿ ಆರಿಸಿ ತಂದೀನಿ."

ಪೆನ್‌ಡ್ರೈವ್‌ನ ಕೀಲಿಗೆ ಹಿತ್ತಾಳೆ ಎಲ್ಲಿಂದ? ಬೆರಳು ಹಿಂದೆ ಬಂತು. ಒತ್ತಿದ್ದರೆ ಹೊಸ ಪಾಸನ್ನು ಕಾಗವಾಡದ ಸರ್ವರ್ ಗುರುತಿಸುತ್ತಿರಲಿಲ್ಲ. ಆ ಕಡೆಯ ಪಟ್ಟಿಯೆಲ್ಲ ಮುಚ್ಚಿ, ಟ್ರ್ಯಾಕ್ಟರ್ ಸಾಲು ಕೃಷ್ಣಾ ನದಿಯವರೆಗೆ ನಿಂತು, ಅವಳ ನೌಕರಿ ಹೋಗುತ್ತಿತ್ತು.

"ಏಳು ಅಂದ್ರ ಏನ್ರಿ ಅದು?"

"ಏಳ ಲಿವರ್."

"ನಾ ಕಳಿಸಿದ ಲಕೋಟಿ?"

"ಕಂಪ್ಯೂಟರ್ ಖೋಲ್ಯಾಗ ಭದ್ರ ಇಟ್ಟ, ಬಾಗಲಕ್ಕ ಕೀಲಿ ಹಾಕೀನಿ. ಯಾರ ಕೈಗೂ ಸಿಗಬಾರದು ಅಂತ ನೀನ ಅಂದಿದ್ದಿ."

"ತಗೀರಿ ಅಣ್ಣಾ."

"ತಗೀಬ್ಯಾಡ್ರಿ ಅಂದಿದ್ದಿ."

"ಹಳೇದು ತಗೀಬ್ಯಾಡ್ರಿ ಅಂದಿದ್ದೆ."

"ಹೊಸದೊಂದ ತಗದ್ರ ಬಾಗಲಾ ತೆರಿಯೂದಿಲ್ಲಲ್ಲ, ತಂಗಿ."

ಸುಂದರಾ ಒಂದು ಗ್ಲಾಸು ನೀರು ಕುಡಿದಳು. "ಎರಡೂ ತಗೀರಿ. ಒಳಗ ಹೋಗ್ರಿ. ಲಕೋಟಿ ಒಡೀರಿ. ನಾ ಹೇಳಿದ್ದಷ್ಟ ಮಾಡ್ರಿ, ತೆಲಿ ಓಡಸಬ್ಯಾಡ್ರಿ."

ಅರ್ಧ ತಾಸಾದ ಮೇಲೆ ಸಮಾಧಾನ ಪರದೆ ನೋಡಿ ಓದಿದ: "ಕಿಲ್ಲಿ ಆರು, ಕಿಲ್ಲಿ ಏಳು. ಎರಡ ಕಾಣಾಕತ್ತಾವು." ಸುಂದರಾ ಅದನ್ನೇ ಮೂರು ಸಲ ಓದಿಸಿ, ಗುಂಡಿ ಒತ್ತಿದಳು. ಕಾಟಾದ ಮುಂದಿನ ಸಾಲು ತನ್ನ ಪಾಡಿಗೆ ತೆವಳಿತು. ಮರುದಿನ ಮಧ್ಯಾಹ್ನ ಹಳೆಯ ಪಾಸುಗಳೆಲ್ಲ ಸತ್ತಿವೆಯೆಂದು ಖಾತ್ರಿ ಮಾಡಿಕೊಂಡು ಆರನೆಯ ನಂಬರನ್ನು ಐದೂ ಕಡೆ ಕಿತ್ತುಹಾಕಿಸಿದಳು. ಐದು ತಾಲ್ಲೂಕಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಅದೇ ತೊಡಕಾಯಿತು. ಒಂದನೇ ತಾರೀಖಿನ ಹಿಂದಿನ ದಿನ ರಾಜಾರಾಮ ಪೆನ್ನು ಹಿಡಿದು ಕುಳಿತ.

"ಯಾವಾಗ ಬದಲ್ ಮಾಡ್ತಿ?"

"ಆಗಿ ವಾರ ಆತ್ರಿ."

"ಏನೂ ಆಗಿಲ್ಲಲ್ಲ?"

"ಏನೂ ಆಗಬಾರದು ಅಂತ ನೀವ ಹೇಳಿದ್ರಿ."

"ಏನೂ ಆಗದ್ದಕ್ಕ ಏನಂತ ವರದಿ ಬರೀಲಿ? ಏನರ ಪುರಾವೆ ಬೇಕಲ್ಲ."

ಮೇಜಿನ ಮೇಲಿನ ಟಪಾಲಿನಲ್ಲಿ ಕಾಗವಾಡದ ಕಾಗದವೊಂದಿತ್ತು. ಮಂಜೂರಾತಿ ಕೇಳಿ ಸಮಾಧಾನ ಕಳಿಸಿದ ಅಂಗಡಿಯ ಚೀಟಿ: ಹೊಸ ಕೀಲಿ, ಪಿತ್ತಾಳಿ, ಏಳು ಲಿವರ್, ನಗ ಒಂದು. ಬಾಗಿಲ ಫೋಟೊ ಸಹಿತ. ರಾಜಾರಾಮನ ಮುಖ ಅರಳಿತು. "ಹಿಂಗ ಕೆಲಸ ಕಾಣಬೇಕವಾ," ಎಂದು ಚೀಟಿಯನ್ನು ತಪಾಸಣೆಯ ಕಡತಕ್ಕೆ ಲಗತ್ತಿಸಿ, ಅವಳ ಕಾಗದಕ್ಕೆ ಸಹಿ ಹಾಕಿದ. ಮತ್ತೆ ಹನ್ನೊಂದು ತಿಂಗಳು.

"ಕೆಲಸ ನಿಂದು, ಮರ್ಯಾದಿ ಪಿತ್ತಾಳಿದು. ಸುಮ್ಮ ಬಂದೀಯಲ್ಲ?" ಎಂದು ಸಂಜೆ ಊರಿಗೆ ಬಂದು ಇದನ್ನೆಲ್ಲ ಹೇಳಿದವಳನ್ನು ನಾನು ಬೈದೆ.

"ಸಹಿ ಒಣಗೂತನಾ ಬಾಯಿ ಬಿಡಬಾರದ್ರಿ, ಕಾಕಾ," ಎಂದಳು.

ಕಾಗವಾಡದ ಆ ಬಾಗಿಲಿಗೆ ಇವತ್ತಿಗೂ ಎರಡು ಕೀಲಿ. ಬಾಗಿಲಿನ ಹಳೆಯದನ್ನೂ ತೆಗೆಯೆಂದು ಸಮಾಧಾನನಿಗೆ ಯಾರೂ ಹೇಳಿಲ್ಲ.